ಅಂಚೆ ಚೀಟಿ: ಕೂಡಿಡುವ ಹವ್ಯಾಸ, ಓದುವ ವ್ಯಾಸಂಗ

ಹವ್ಯಾಸವೆಂಬ ಮಾತು ನಮ್ಮಲ್ಲಿ ಬಹುಮಟ್ಟಿಗೆ ಹೊತ್ತು ಕಳೆಯುವ ಉಪಾಯವೆಂಬ ಅರ್ಥದಲ್ಲಿಯೇ ಬಳಕೆಯಾಗುತ್ತ ಬಂದಿದೆ. ಅದರಲ್ಲಿಯೂ ಅಂಚೆ ಚೀಟಿಗಳ ಸಂಗ್ರಹವೆಂದರೆ, ಶಾಲೆಯ ಮಕ್ಕಳು ಬೇಸಿಗೆಯ ರಜೆಯಲ್ಲಿ ಕೈಗೊಂಡು ಮಳೆಗಾಲ ಬರುವಷ್ಟರಲ್ಲಿ ಮರೆತುಬಿಡುವ ಆಟವೆಂದು ಹಿರಿಯರು ತಿಳಿಯುವುದುಂಟು. ಬಣ್ಣಬಣ್ಣದ ಚೀಟಿಗಳನ್ನು ಪುಸ್ತಕಕ್ಕೆ ಅಂಟಿಸಿ, ನನ್ನಲ್ಲಿ ಐನೂರು ಇವೆ, ನಿನ್ನಲ್ಲಿ ಮುನ್ನೂರು ಇವೆ ಎಂದು ಎಣಿಸುವುದಷ್ಟೇ ಆದರೆ ಅದು ಆಟವೇ ಸರಿ. ಆದರೆ ಒಂದೊಂದು ಚೀಟಿಯನ್ನು ಕೈಗೆತ್ತಿಕೊಂಡು, ಇದು ಎಂದು ಹುಟ್ಟಿತು, ಎಲ್ಲಿ ಅಚ್ಚಾಯಿತು, ಯಾವ ಕಾಗದದ ಮೇಲೆ ಮೂಡಿತು, ಯಾರ ಪತ್ರವನ್ನು ಎಲ್ಲಿಂದ ಎಲ್ಲಿಗೆ ಮುಟ್ಟಿಸಿತು ಎಂದು ಕೇಳತೊಡಗಿದೊಡನೆ ಅದು ವ್ಯಾಸಂಗವಾಗುತ್ತದೆ. ಕೂಡಿಡುವವನಿಗೂ ಓದುವವನಿಗೂ ಇರುವ ಈ ಅಂತರವನ್ನು ಓದುಗರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವ್ಯಾಸಂಗಕ್ಕೆ ಫಿಲಾಟೆಲಿ ಎಂಬ ಹೆಸರು ಬಂದದ್ದು 1864ರಲ್ಲಿ. ಫ್ರಾನ್ಸಿನ ಜಾರ್ಜ್ ಎರ್ಪಾಂ ಎಂಬವರು ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಇದನ್ನು ರಚಿಸಿದರು. ಒಂದರ ಅರ್ಥ ಪ್ರೀತಿ. ಇನ್ನೊಂದರ ಅರ್ಥ ಸುಂಕದಿಂದ ವಿನಾಯಿತಿ. ಚೀಟಿ ಅಂಟಿಸಿದ ಪತ್ರವನ್ನು ಪಡೆಯುವವನು ಮತ್ತೆ ಹಣ ತೆರಬೇಕಾಗಿಲ್ಲವೆಂಬ ಸಂಗತಿಯೇ ಈ ಹೆಸರಿನೊಳಗೆ ಅಡಗಿದೆ.

ಚೀಟಿ ಹುಟ್ಟಿದ ಬಗೆ

ಅಂಚೆ ಚೀಟಿ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಪತ್ರದ ಹಾಸಲನ್ನು ಸಾಮಾನ್ಯವಾಗಿ ಪಡೆಯುವವನೇ ಕೊಡಬೇಕಾಗಿತ್ತು. ದೂರ ಹೆಚ್ಚಿದಂತೆ, ಹಾಳೆಗಳು ಹೆಚ್ಚಿದಂತೆ ದರವೂ ಏರುತ್ತಿತ್ತು. ಬಡವನ ಮನೆಯ ಬಾಗಿಲಿಗೆ ಮಗನ ಪತ್ರ ಬಂದರೆ ಅದನ್ನು ಬಿಡಿಸಿಕೊಳ್ಳಲು ಕೈಯಲ್ಲಿ ಕಾಸಿರುತ್ತಿರಲಿಲ್ಲ. ರೋಲೆಂಡ್ ಹಿಲ್ ಎಂಬ ಶಿಕ್ಷಕರು 1837ರಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದು, ದೂರ ಎಷ್ಟೇ ಇರಲಿ, ಅರ್ಧ ಔನ್ಸ್ ತೂಕದ ಪತ್ರಕ್ಕೆ ಒಂದೇ ಪೆನ್ನಿ ಸಾಕು, ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಲಿ ಎಂದು ವಾದಿಸಿದರು. ಈ ವಾದಕ್ಕೆ ಜಯ ದೊರೆತ ಫಲವಾಗಿ 1840ರ ಮೇ 6ರಂದು ಜಗತ್ತಿನ ಮೊದಲ ಅಂಚೆ ಚೀಟಿಯಾದ ಪೆನ್ನಿ ಬ್ಲ್ಯಾಕ್ ಬಳಕೆಗೆ ಬಂದಿತು. ವಿಕ್ಟೋರಿಯಾ ರಾಣಿಯ ಮುಖವುಳ್ಳ ಈ ಕಪ್ಪು ಚೀಟಿಯ ಮೇಲೆ ದೇಶದ ಹೆಸರೇ ಇಲ್ಲ. ಬೇರೆ ಯಾವ ದೇಶದಲ್ಲಿಯೂ ಚೀಟಿ ಇಲ್ಲದಿದ್ದಾಗ ಹೆಸರಿನ ಅವಶ್ಯಕತೆಯಾದರೂ ಏನಿತ್ತು? ಬ್ರಿಟನ್ ಇಂದಿಗೂ ತನ್ನ ಚೀಟಿಗಳ ಮೇಲೆ ದೇಶದ ಹೆಸರನ್ನು ಹಾಕುವುದಿಲ್ಲ.

ಈ ಚೀಟಿಯ ಆಯುಷ್ಯ ಒಂದು ವರ್ಷಕ್ಕಿಂತ ಹೆಚ್ಚಲ್ಲ. ಕಪ್ಪು ಚೀಟಿಯ ಮೇಲೆ ಕೆಂಪು ಮಸಿಯ ಮೊಹರನ್ನು ಒತ್ತುತ್ತಿದ್ದರು. ಆ ಕೆಂಪನ್ನು ತೊಳೆದು ಚೀಟಿಯನ್ನು ಮತ್ತೆ ಬಳಸುವ ಜಾಣರು ಹುಟ್ಟಿಕೊಂಡರು. ಆದುದರಿಂದ 1841ರಲ್ಲಿ ಚೀಟಿಯನ್ನು ಕೆಂಪಾಗಿಸಿ, ಮೊಹರಿಗೆ ಕಪ್ಪು ಮಸಿಯನ್ನು ತಂದರು. ಬಣ್ಣ ಬದಲಾದದ್ದು ಚೆಲುವಿಗಾಗಿ ಅಲ್ಲ, ಮೋಸವನ್ನು ತಡೆಯುವುದಕ್ಕಾಗಿ. ಚೀಟಿಯ ಮೇಲಿನ ಪ್ರತಿಯೊಂದು ಬದಲಾವಣೆಗೂ ಇಂತಹ ಕಾರಣವೊಂದು ಇದ್ದೇ ಇರುತ್ತದೆ. ಅದನ್ನು ಹುಡುಕುವುದೇ ಅಭ್ಯಾಸಿಯ ಕೆಲಸ.

ಇನ್ನೊಂದು ಮಾತು. ಪೆನ್ನಿ ಬ್ಲ್ಯಾಕ್ ಜಗತ್ತಿನ ಮೊದಲ ಚೀಟಿಯಾದರೂ ಅತಿ ವಿರಳವಾದ ಚೀಟಿಯಲ್ಲ. ಅವು ಸುಮಾರು 6 ಕೋಟಿ 80 ಲಕ್ಷದಷ್ಟು ಅಚ್ಚಾಗಿದ್ದವು. ಹಳೆಯದೆಲ್ಲ ವಿರಳವಲ್ಲ, ವಿರಳವಾದುದೆಲ್ಲ ಹಳೆಯದೂ ಅಲ್ಲ ಎಂಬುದು ಈ ವ್ಯಾಸಂಗದ ಮೊದಲ ಪಾಠ.

ನಮ್ಮ ನಾಡಿನ ಚೀಟಿಗಳು

ಅಂಚೆ ಚೀಟಿ ಹೊರಗಿನಿಂದ ಬಂದದ್ದಾದರೂ ಅಂಚೆ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 17ನೆಯ ಶತಮಾನದ ಚಿಕ್ಕದೇವರಾಜ ಒಡೆಯರ ಕಾಲದಿಂದಲೇ ಅಂಚೆಯ ವ್ಯವಸ್ಥೆ ಇದ್ದು, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಲೀನವಾಯಿತು. ಏಷ್ಯಾ ಖಂಡದ ಮೊದಲ ಅಂಚೆ ಚೀಟಿ ಹೊರಬಂದದ್ದು ಅಂದಿನ ಸಿಂಧ್ ಪ್ರಾಂತದಲ್ಲಿ, 1852ರ ಜುಲೈ 1ರಂದು. ಅಲ್ಲಿಯ ಆಯುಕ್ತರಾಗಿದ್ದ ಬಾರ್ಟಲ್ ಫ್ರಿಯರ್ ಅವರು ಹೊರಡಿಸಿದ ಈ ಅರ್ಧ ಆಣೆಯ ಚೀಟಿಯು ಸಿಂಧ್ ಡಾಕ್ ಎಂದು ಪ್ರಸಿದ್ಧವಾಗಿದೆ. ಮೊದಲು ಕೆಂಪು ಅರಗಿನಂತಹ ವಸ್ತುವಿನ ಮೇಲೆ ಒತ್ತಿದ ಚೀಟಿಗಳು ಮುಟ್ಟಿದರೆ ಮುರಿಯುತ್ತಿದ್ದುದರಿಂದ, ಅನಂತರ ಬಿಳಿಯ ಕಾಗದದ ಮೇಲೆ ಉಬ್ಬಚ್ಚಿನಲ್ಲಿಯೂ ನೀಲಿ ಬಣ್ಣದಲ್ಲಿಯೂ ಮಾಡಿದರು.

1854ರ ಅಕ್ಟೋಬರ್ 1ರಿಂದ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಚೀಟಿಗಳು ಜಾರಿಗೆ ಬಂದವು. ಕಾಲು ತೊಲೆ ತೂಕದ ಪತ್ರಕ್ಕೆ, ದೂರವನ್ನು ಲೆಕ್ಕಿಸದೆ, ಅರ್ಧ ಆಣೆ ದರವೆಂದು ಗೊತ್ತುಮಾಡಲಾಯಿತು. ಈ ಚೀಟಿಗಳನ್ನು ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಕ್ಯಾಪ್ಟನ್ ತುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಿಂದ ತೆಗೆದರು. ನಕಾಶೆ ಬರೆಯುವವರ ಕೈಯಲ್ಲಿ ಅಂಚೆ ಚೀಟಿ ರೂಪುಗೊಂಡಿತು! ಅವುಗಳಲ್ಲಿ ನಾಲ್ಕು ಆಣೆಯ ಚೀಟಿ ಎರಡು ಬಣ್ಣದ್ದು. ಸುತ್ತಲಿನ ಚೌಕಟ್ಟು ಕೆಂಪು, ನಡುವಿನ ರಾಣಿಯ ಮುಖ ನೀಲಿ. ಎರಡು ಬಣ್ಣಕ್ಕೆ ಹಾಳೆಯನ್ನು ಎರಡು ಬಾರಿ ಅಚ್ಚಿಗೆ ಕೊಡಬೇಕಾದುದರಿಂದ, ಒಮ್ಮೆ ಹಾಳೆ ತಲೆಕೆಳಗಾಗಿ ಹೋಗಿ ರಾಣಿಯ ತಲೆ ಬುಡಮೇಲಾಯಿತು. ಈ ದೋಷವುಳ್ಳ ಚೀಟಿ ಇಂದು ಜಗತ್ತಿನ ಅತಿ ವಿರಳ ಚೀಟಿಗಳಲ್ಲೊಂದು.

ಸ್ವಾತಂತ್ರ್ಯಾನಂತರದ ನಮ್ಮ ಮೊದಲ ಚೀಟಿ 1947ರ ನವೆಂಬರ್ 21ರಂದು ಹೊರಬಂದಿತು. ಅದು ಮೂರೂವರೆ ಆಣೆಯದು. ಅದರಲ್ಲಿ ರಾಷ್ಟ್ರಧ್ವಜ, ಜೊತೆಗೆ ಜೈ ಹಿಂದ್ ಎಂಬ ಘೋಷ. 1949ರ ಆಗಸ್ಟ್ 15ರಂದು ಪ್ರಾಚೀನ ಶಿಲ್ಪ-ಸ್ಮಾರಕಗಳ 16 ಚೀಟಿಗಳ ಮಾಲೆ ಹೊರಟಿತು. ಅದರಲ್ಲಿ ಆರು ಆಣೆಯ ಚೀಟಿಯ ಮೇಲೆ ಇರುವುದು ನಮ್ಮ ವಿಜಯಪುರದ ಗೋಲಗುಮ್ಮಟ. ಅದೇ ಮಾಲೆಯ ಒಂದು ಆಣೆಯ ಚೀಟಿಯಲ್ಲಿ ಬೋಧಿಸತ್ವನ ವಿಗ್ರಹವು ಕನ್ನಡಿಯೊಳಗಿನ ಬಿಂಬದಂತೆ ಎಡಬಲ ತಿರುವುಮುರುವಾಗಿ ಅಚ್ಚಾಯಿತು. ತಪ್ಪನ್ನು ತಿಳಿದು 1950ರಲ್ಲಿ ಸರಿಪಡಿಸಿದ ಚೀಟಿಯನ್ನು ಹೊರತಂದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿ, ಏನು ವ್ಯತ್ಯಾಸವೆಂದು ಕೇಳಿ ನೋಡಬೇಕು. ಕಣ್ಣಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಬೇರೊಂದಿಲ್ಲ.

ನಮ್ಮ ಮನೆಗಳಿಗೆ ಪ್ರಿಯವಾದ ಚೀಟಿಗಳೂ ಇವೆ. ಬಸವೇಶ್ವರರ 15 ಪೈಸೆಯ ಚೀಟಿ ಹೊರಬಂದದ್ದು 1967ರ ಮೇ 11ರಂದು. ಕಿತ್ತೂರು ರಾಣಿ ಚೆನ್ನಮ್ಮನ 25 ಪೈಸೆಯ ಚೀಟಿ ಬಂದದ್ದು 1977ರ ಅಕ್ಟೋಬರ್ 23ರಂದು. 2006ರ ಡಿಸೆಂಬರಿನಲ್ಲಿ ಅಂಚೆ ಇಲಾಖೆಯು ಶ್ರೀಗಂಧದ ಪರಿಮಳವುಳ್ಳ 15 ರೂಪಾಯಿಯ ಚೀಟಿಯನ್ನೇ ತಂದಿತು. ಇವನ್ನು ಭಕ್ತಿಯಿಂದಲೋ ಅಭಿಮಾನದಿಂದಲೋ ಕಾಪಾಡುವುದು ಒಳ್ಳೆಯದು. ಆದರೆ ಇವು ಅಂದು ಏಕೆ ಹೊರಟವು, ಆಗ ಯಾವ ಪತ್ರಕ್ಕೆ ಈ ಬೆಲೆ ಸಾಲುತ್ತಿತ್ತು ಎಂದು ಕೇಳಿಕೊಂಡಾಗಲೇ ಅವು ನಮ್ಮೊಡನೆ ಮಾತನಾಡತೊಡಗುತ್ತವೆ.

ನೋಡಬೇಕಾದುದು ಚಿತ್ರವೊಂದನ್ನೇ ಅಲ್ಲ

ತಾಡವಾಲೆಯ ಗ್ರಂಥವನ್ನು ಪರಿಶೀಲಿಸುವವನು ಪಾಠವನ್ನು ಓದುವ ಮೊದಲು ಗರಿಯ ಅಳತೆ, ದಾರದ ರಂಧ್ರ, ಅಕ್ಷರದ ಮೋಡಿಗಳನ್ನು ನೋಡುತ್ತಾನೆ. ಚೀಟಿಯ ಅಭ್ಯಾಸಿಯ ಕ್ರಮವೂ ಹಾಗೆಯೇ. ಮೊದಲನೆಯದು ಕಾಗದದ ಒಳಗಿನ ನೀರುಗುರುತು. ಬೆಳಕಿಗೆ ಹಿಡಿದರೆ ಅಥವಾ ಕಪ್ಪು ಹಲಗೆಯ ಮೇಲೆ ಬೋರಲಾಗಿ ಇಟ್ಟರೆ ಇದು ಕಾಣುತ್ತದೆ. 1865ರಿಂದ ಭಾರತದ ಚೀಟಿಗಳ ಕಾಗದದಲ್ಲಿ ಆನೆಯ ತಲೆಯ ಗುರುತಿತ್ತು. ಮುಂದೆ ಅದು ನಕ್ಷತ್ರವಾಯಿತು. ನಾಸಿಕದಲ್ಲಿ 1925ರಲ್ಲಿ ಭದ್ರತಾ ಮುದ್ರಣಾಲಯವು ಸ್ಥಾಪನೆಯಾಗಿ 1926ರಿಂದ ಚೀಟಿಗಳು ಇಲ್ಲಿಯೇ ಅಚ್ಚಾಗತೊಡಗಿದಾಗ ಅನೇಕ ನಕ್ಷತ್ರಗಳ ಗುರುತು ಬಂದಿತು. 1958ರಿಂದ ಅಶೋಕ ಸ್ತಂಭದ ಬೋದಿಗೆಯ ಗುರುತು. ಮೇಲೆ ನೋಡಿದರೆ ಒಂದೇ ಎನಿಸುವ ಎರಡು ಚೀಟಿಗಳು ಬೇರೆ ಬೇರೆ ಕಾಲದವೆಂಬುದನ್ನು ಈ ಗುರುತು ಹೇಳಿಬಿಡುತ್ತದೆ.

ಎರಡನೆಯದು ಅಂಚಿನ ಹಲ್ಲುಗಳು. 1854ರ ನಮ್ಮ ಚೀಟಿಗಳಿಗೆ ಹಲ್ಲುಗಳಿರಲಿಲ್ಲ, ಕತ್ತರಿಯಿಂದ ಕತ್ತರಿಸಿಕೊಳ್ಳಬೇಕಾಗಿತ್ತು. ಎರಡು ಸೆಂಟಿಮೀಟರಿನ ಉದ್ದದಲ್ಲಿ ಎಷ್ಟು ರಂಧ್ರಗಳಿವೆ ಎಂದು ಎಣಿಸುವ ಪದ್ಧತಿಯನ್ನು ಪ್ಯಾರಿಸಿನ ವೈದ್ಯ ಲೆಗ್ರಾಂ ಅವರು 1866ರಲ್ಲಿ ತಂದರು. ಇಂದಿಗೂ ಅದೇ ಅಳತೆ ನಡೆದಿದೆ. ಮೂರನೆಯದು ಅಚ್ಚಿನ ವಿಧಾನ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಅಂಚೆಯ ಮೊಹರು. ನಮ್ಮ ಕಡೆ ಇದನ್ನು ಠಸ್ಸೆ ಎನ್ನುವುದೂ ಉಂಟು.

ತಾಡವಾಲೆಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಊರು, ಸಂವತ್ಸರ, ಮಾಸ, ತಿಥಿಗಳನ್ನು ಬರೆಯುತ್ತಾನಲ್ಲವೇ? ಪತ್ರಕ್ಕೆ ಮೊಹರು ಇಂತಹ ಸಮಾಪ್ತಿವಾಕ್ಯ. ಆ ಒಂದು ಗರಿ ಕಳೆದುಹೋದರೆ ಗ್ರಂಥ ಉಳಿದರೂ ಅದರ ಕಾಲ ಕಳೆದುಹೋದಂತೆಯೇ. ಮಠದ ಪಾಠಶಾಲೆಯಲ್ಲಿ ಗುರುಗಳು ಇದನ್ನು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಆದರೆ ಆ ಪಾಠ ನನ್ನ ಕಿವಿಗೆ ಬೀಳುವ ಮುನ್ನವೇ ನಾನು ಮಾಡಬಾರದುದನ್ನು ಮಾಡಿಯಾಗಿತ್ತು.

ನನ್ನ ಕೈಯಿಂದಾದ ಹಾನಿ

ನಮ್ಮ ತಾಯಿಯ ತಮ್ಮ ಸೊಲ್ಲಾಪುರದ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಅಕ್ಕನಿಗೆ ಪತ್ರ ಬರೆಯುತ್ತಿದ್ದರು. ಒಳಗೆ ತೇದಿ ಹಾಕುವ ರೂಢಿ ಅವರಿಗಿರಲಿಲ್ಲ. ತಾಯಿ ಆ ಪತ್ರಗಳನ್ನು ಲಕೋಟೆಯ ಸಮೇತ ಒಂದು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಮಾವನವರು 1973ರಲ್ಲಿ, ಪಂಚಮಿಗೆ ಹತ್ತು ದಿನ ಇರುವಾಗ, ಜ್ವರದಿಂದ ತೀರಿಕೊಂಡರು. ಮರುವರ್ಷ ನನಗೆ ಚೀಟಿ ಕೂಡಿಸುವ ಹುಚ್ಚು ಹಿಡಿಯಿತು. ತಾಯಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಟ್ರಂಕನ್ನು ತೆರೆದು, ಎಲ್ಲ ಲಕೋಟೆಗಳ ಚೀಟಿಗಳನ್ನು ಕತ್ತರಿಸಿ, ಗಂಜಿ ಹಚ್ಚಿ ಹಳೆಯ ನೋಟುಬುಕ್ಕಿಗೆ ಅಂಟಿಸಿದೆ. ಪತ್ರಗಳನ್ನು ಮತ್ತೆ ಅರಿವೆಯಲ್ಲಿ ಕಟ್ಟಿಟ್ಟೆ. ತೂತುಬಿದ್ದ ಲಕೋಟೆಗಳು ಒಲೆಗೆ ಹೋದವು.

ಎಷ್ಟೋ ವರ್ಷಗಳ ಮೇಲೆ, ಎಂಬತ್ತು ದಾಟಿದ ನಮ್ಮ ತಾಯಿ ಒಂದು ದಿನ ಆ ಗಂಟನ್ನು ನನ್ನ ಮುಂದಿಟ್ಟು ಓದಿ ಹೇಳೆಂದರು. ಒಂಬತ್ತು ಪತ್ರಗಳಿದ್ದವು. ಒಂದರಲ್ಲಿ ಮಾವನವರು, ಈ ಪಂಚಮಿಗೆ ತಪ್ಪದೆ ಬಂದು ನಿನ್ನನ್ನು ತವರಿಗೆ ಕರೆದುಕೊಂಡು ಹೋಗುತ್ತೇನೆ, ಸಣ್ಣಾಕಿಗೆ ಅಂಗಿ ತರುತ್ತೇನೆ ಎಂದು ಬರೆದಿದ್ದರು. ನನ್ನ ಕಿರಿಯ ತಂಗಿ ಹುಟ್ಟಿದ್ದು 1972ರ ಜನವರಿಯಲ್ಲಿ. ಆದುದರಿಂದ ಪತ್ರ 1972ರದಾಗಿರಬೇಕು, ಇಲ್ಲವೇ 1973ರದು. 1972ರ ಪಂಚಮಿಗೆ ಮಾವನವರು ಬಂದದ್ದು ನಿಜ. ಎರಡನೆಯದಾದರೆ, ಅದು ಅವರ ಕಡೆಯ ಪತ್ರ.

“ಯಪ್ಪಾ, ಇದು ಯಾವ ವರ್ಷದ್ದು ನೋಡಿ ಹೇಳು” ಎಂದರು ತಾಯಿ.

ಆ ಪ್ರಶ್ನೆಗೆ ಲಕೋಟೆ ಎರಡು ಬಗೆಯಲ್ಲಿ ಉತ್ತರ ಹೇಳುತ್ತಿತ್ತು. ಮೊದಲನೆಯದು ಮೊಹರಿನ ತೇದಿ. ಅದು ಮಸುಕಾಗಿದ್ದರೂ ಎರಡನೆಯದೊಂದು ಸಾಕ್ಷಿ ಇರುತ್ತಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ದೇಶಕ್ಕೆ ಬಂದಾಗ, ಅವರ ನೆರವಿಗಾಗಿ ಸರ್ಕಾರವು ಅಂಚೆಯ ಮೇಲೆ 5 ಪೈಸೆಯ ಹೆಚ್ಚುವರಿ ತೆರಿಗೆಯನ್ನು ವಿಧಿಸಿತು. 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಅದು ಜಾರಿಯಲ್ಲಿತ್ತು. ಮೊದಲು ಹಳೆಯ 5 ಪೈಸೆಯ ಚೀಟಿಯ ಮೇಲೆ ನಿರಾಶ್ರಿತರ ನೆರವು ಎಂಬರ್ಥದ ಮಾತನ್ನು ಹಿಂದಿ-ಇಂಗ್ಲಿಷುಗಳಲ್ಲಿ ಒತ್ತಿ ಕೊಟ್ಟರು. ಅನಂತರ ಅದಕ್ಕೆಂದೇ ಬೇರೆ ಚೀಟಿಯನ್ನು ಅಚ್ಚುಮಾಡಿಸಿದರು. ಆ ಚೀಟಿ ಲಕೋಟೆಯ ಮೇಲಿದ್ದರೆ ಪತ್ರ 1972ರ ಪಂಚಮಿಯದು, ಇಲ್ಲವಾದರೆ 1973ರದು. ನನ್ನ ನೋಟುಬುಕ್ಕಿನಲ್ಲಿ ಅಂತಹ ಚೀಟಿಗಳು ನಾಲ್ಕು ಇದ್ದವು. ಆದರೆ ಅವು ಯಾವ ನಾಲ್ಕು ಪತ್ರಗಳ ಮೇಲಿದ್ದವೆಂಬುದನ್ನು ಹೇಳಬಲ್ಲ ಲಕೋಟೆಗಳು ಎಂದೋ ಬೂದಿಯಾಗಿದ್ದವು. ಚೀಟಿಗೆ ಕಾಲ ಗೊತ್ತು, ಪತ್ರಕ್ಕೆ ವಿಷಯ ಗೊತ್ತು. ಅವೆರಡನ್ನೂ ಕೂಡಿಸಿದ್ದ ನಂಟನ್ನು ಕತ್ತರಿಸಿದವನು ನಾನು.

ನಡೆದುದನ್ನು ತಾಯಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಪ್ಪಾ. ಕರಕೊಂಡು ಹೋಗಬೇಕಂತ ಅವನ ಮನಸ್ಸಿನಾಗ ಇತ್ತಲ್ಲ, ಅಷ್ಟು ಸಾಕು” ಎಂದರು. ಅವರಿಗೆ ಸಾಕಾಯಿತು, ನನಗೆ ಸಾಕಾಗಲಿಲ್ಲ. ಅಂದಿನಿಂದಲೇ ನಾನು ಚೀಟಿಗಳನ್ನು ಕೂಡಿಸುವುದನ್ನು ಬಿಟ್ಟು ಓದತೊಡಗಿದೆ.

ಲಕೋಟೆಯೆಂಬ ದಾಖಲೆ

ಬಲ್ಲವರು ಲಕೋಟೆಯನ್ನು ಇಡಿಯಾಗಿಯೇ ಕಾಪಾಡುತ್ತಾರೆ. ಚೀಟಿ, ಮೊಹರು, ವಿಳಾಸ, ಹಿಂಬದಿಯಲ್ಲಿ ತಲುಪಿದ ಊರಿನ ಮೊಹರು, ಇವೆಲ್ಲ ಕೂಡಿದಾಗ ಮಾತ್ರ ಅದು ದಾಖಲೆ. ಕನ್ನಡ ನಾಡಿನ ಮಟ್ಟಿಗೆ ಇದರ ಬೆಲೆ ಇನ್ನೂ ಹೆಚ್ಚು. 1956ರ ಏಕೀಕರಣಕ್ಕೆ ಮೊದಲು ನಾವು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದೆವು. ಧಾರವಾಡ, ಬೆಳಗಾವಿ, ವಿಜಯಪುರಗಳು ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಮದರಾಸಿನಲ್ಲಿ, ಕಲಬುರಗಿ, ಬೀದರ, ರಾಯಚೂರುಗಳು ಹೈದರಾಬಾದ್ ಸಂಸ್ಥಾನದಲ್ಲಿ. ನಿಜಾಮರ ಸಂಸ್ಥಾನಕ್ಕೆ 1869ರಿಂದ ತನ್ನದೇ ಚೀಟಿಗಳಿದ್ದು, 1950ರವರೆಗೆ ನಡೆದವು. 1931ರ ಅವರ ಮಾಲೆಯಲ್ಲಿ 12 ಆಣೆಯ ಚೀಟಿಯ ಮೇಲೆ ಬೀದರಿನ ಮಹಮೂದ್ ಗಾವಾನ್ ಮದರಸಾ ಇದೆ. ಹೀಗೆ ಒಂದೇ ನುಡಿಯಾಡುವ ಅಕ್ಕತಂಗಿಯರು, ಒಬ್ಬರು ಕಲಬುರಗಿಯಲ್ಲಿ, ಒಬ್ಬರು ವಿಜಯಪುರದಲ್ಲಿ ಇದ್ದರೆ, ಬೇರೆ ಬೇರೆ ಅರಸೊತ್ತಿಗೆಯ ಚೀಟಿಗಳನ್ನು ನೋಡುತ್ತಿದ್ದರು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಗೆ ಬರೆದ ಪತ್ರವೊಂದು ಸಿಕ್ಕಿತೆನ್ನಿ. ಊರಿಲ್ಲ, ಓಣಿಯಿಲ್ಲ, ಮೊಹರಿನಲ್ಲಿ ಹೆಸರು ಮಾತ್ರ ಇದೆ.

ಆರಂಭಿಸುವವರಿಗೆ ನಾಲ್ಕು ಮಾತು

ಈ ವ್ಯಾಸಂಗಕ್ಕೆ ದೊಡ್ಡ ವೆಚ್ಚವಿಲ್ಲ. ಚಪ್ಪಟೆ ತುದಿಯ ಚಿಮಟ, ಒಂದು ಭೂತಗನ್ನಡಿ, ಹಲ್ಲು ಎಣಿಸುವ ಅಳತೆಪಟ್ಟಿ, ಚೀಟಿಗಳನ್ನು ಅಂಟಿಸದೆಯೇ ಸಿಕ್ಕಿಸಿಡುವ ಆಲ್ಬಮ್, ಒಂದು ಟಿಪ್ಪಣಿ ಪುಸ್ತಕ, ಇಷ್ಟು ಸಾಕು. ಬೆವರಿನ ಕೈಯಿಂದ ಚೀಟಿಯನ್ನು ಮುಟ್ಟಬಾರದು. ಗಂಜಿ, ಗೋಂದು, ಪಾರದರ್ಶಕ ಅಂಟುಪಟ್ಟಿಗಳನ್ನು ಹತ್ತಿರ ತರಬಾರದು. ಹಳೆಯ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವುದಂತೂ ಅದನ್ನು ಕೊಂದಂತೆಯೇ. ಮಳೆಗಾಲದ ತೇವದಿಂದ ಕಾಪಾಡಲು ಆಲ್ಬಮ್ಮನ್ನು ಗಾಳಿಯಾಡುವ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಇಂದಿನ ಸಾಧಾರಣ ಲಕೋಟೆಯಿಂದ ಚೀಟಿಯನ್ನು ತೆಗೆಯಲೇಬೇಕಾದರೆ, ಸುತ್ತ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ ನೆನೆಹಾಕಿ, ತಾನಾಗಿ ಬಿಡುವವರೆಗೂ ಕಾಯಬೇಕು; ಎಳೆಯಬಾರದು. ಮನೆಯ ಹಿರಿಯರ ಪತ್ರಗಳಿಂದ ಮಾತ್ರ ಏನನ್ನೂ ತೆಗೆಯಬಾರದು.

ಜಗತ್ತಿನ ಎಲ್ಲ ಚೀಟಿಗಳ ಬೆನ್ನು ಹತ್ತಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಒಂದು ವಿಷಯವನ್ನು ಆಯ್ದುಕೊಳ್ಳಬೇಕು: ಕರ್ನಾಟಕದ ಸ್ಮಾರಕಗಳು, ಒಂದು ತಾಲೂಕಿನ ಅಂಚೆ ಮೊಹರುಗಳು, ಒಂದೇ ಮನೆತನದ ಪತ್ರಗಳು. ತಿಂಗಳಿಗೆ ಒಂದು ಚೀಟಿಯ ಬಗೆಗೆ ಒಂದು ಪುಟ ಬರೆಯುವ ನಿಯಮವನ್ನು ಮಕ್ಕಳಿಗೆ ಹಾಕಿಕೊಟ್ಟರೆ ವರ್ಷಕ್ಕೆ ಹನ್ನೆರಡು ಪುಟಗಳ ಸ್ವಂತ ಇತಿಹಾಸ ಅವರಲ್ಲಿರುತ್ತದೆ. ಅಂಚೆ ಇಲಾಖೆಯು 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಎಂಬ ಯೋಜನೆಯನ್ನು ಆರಂಭಿಸಿ, ಆರರಿಂದ ಒಂಬತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಲ್ಲಿ ಇದನ್ನು ವ್ಯಾಸಂಗವಾಗಿ ಕೈಗೊಂಡ ಪ್ರತಿಭಾವಂತರಿಗೆ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವನ್ನು ಗೊತ್ತುಮಾಡಿತು. ಇದನ್ನು ಹಣದ ಗಳಿಕೆಯ ದಾರಿಯೆಂದು ಮಾತ್ರ ಭಾವಿಸಬಾರದು. ವಿರಳ ಚೀಟಿಗಳ ನಕಲು ಮಾಡುವವರು ಚೀಟಿಯಷ್ಟೇ ಹಳಬರು. ಅರಿಯದೆ ಕೊಂಡವನು ಕೈ ಸುಟ್ಟುಕೊಳ್ಳುವುದು ನಿಶ್ಚಿತ.

ಪತ್ರ ಬರೆಯುವ ಕಾಲ ನಮ್ಮ ಕಣ್ಣೆದುರಿಗೇ ಮುಗಿಯುತ್ತಿದೆ. 2013ರ ಜುಲೈಯಲ್ಲಿ ತಂತಿ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಇನ್ನು ಮುಂದೆ ಮನೆಮನೆಗಳಲ್ಲಿ ಪತ್ರಗಳು ಹೊಸದಾಗಿ ಸೇರಲಾರವು. ಇರುವವು ಕರಗುತ್ತ ಹೋಗಬಹುದು. ಹಳೆಯ ಮನೆಯನ್ನು ಕೆಡವುವಾಗ, ಅಣ್ಣತಮ್ಮಂದಿರು ಬೇರೆಯಾಗುವಾಗ, ಪಾತ್ರೆಪಗಡೆಗಳನ್ನು ಎಣಿಸಿ ಹಂಚಿಕೊಳ್ಳುತ್ತೇವೆ. ಪತ್ರಗಳ ಗಂಟನ್ನು ರದ್ದಿಗೆ ಹಾಕುತ್ತೇವೆ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಅಟ್ಟದ ಮೇಲಿನ ಆ ಟ್ರಂಕನ್ನು ಒಮ್ಮೆ ಕೆಳಗಿಳಿಸಿರಿ. ಪ್ರತಿಯೊಂದು ಪತ್ರವನ್ನೂ ಅದರ ಲಕೋಟೆಯೊಳಗೇ ಇರಿಸಿ, ಯಾರು ಯಾರಿಗೆ ಬರೆದದ್ದೆಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿಕೊಳ್ಳಿರಿ. ಕತ್ತರಿಯನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿರಿ; ಭೂತಗನ್ನಡಿಯನ್ನು ಕೊಡಿರಿ.